ಹಿಮದ ನಾಡಿನ ದ್ರಾಕ್ಷಿ

ಅಮೆರಿಕೆಯ ಮಿನ್ನೆಸೋಟ ಸಂಸ್ಥಾನವು ಸಹಸ್ರಾರು ಸರೋವರಗಳ ನಾಡು. ಚಳಿಗಾಲದಲ್ಲಿ ಆ ನೀರೆಲ್ಲವೂ ಕಲ್ಲಾಗುವುದು. ಯೂರೋಪಿನ ದ್ರಾಕ್ಷಿ ಅಲ್ಲಿ ಉಳಿಯಬೇಕಾದರೆ ವರ್ಷವರ್ಷವೂ ಬಳ್ಳಿಯನ್ನು ಆಸರೆಯಿಂದಿಳಿಸಿ, ಮಣ್ಣು ಮುಚ್ಚಿ, ವಸಂತದಲ್ಲಿ ಮರಳಿ ಎತ್ತಿ ಕಟ್ಟಬೇಕು. ಈ ಬವಣೆಯನ್ನು ನೀಗಲೆಂದು ಅಲ್ಲಿಯ ವಿಶ್ವವಿದ್ಯಾನಿಲಯದ ಪಂಡಿತರು 1978ರಲ್ಲಿ ನದೀತೀರದ ಕಾಡುದ್ರಾಕ್ಷಿಗೂ ಫ್ರಾನ್ಸಿನ ಮಿಶ್ರತಳಿಯೊಂದಕ್ಕೂ ಸಂಬಂಧ ಬೆಳೆಸಿದರು. 1996ರಲ್ಲಿ ‘ಫ್ರಾಂಟೆನಾಕ್’ ರೈತರ ಕೈಸೇರಿತು. ಸೊನ್ನೆಗಿಂತ 30 ಡಿಗ್ರಿ ಸೆಂಟಿಗ್ರೇಡ್ ಕೆಳಗಿನ ಚಳಿಯಲ್ಲಿಯೂ ಈ ಬಳ್ಳಿ ಬಯಲಿನಲ್ಲಿಯೇ ನಿಂತು ಬದುಕುವುದು.

ಆದರೆ ಕಾಡುತಾಯಿಯ ಹುಳಿ ಮಗಳಿಗೂ ಬಂದಿದೆ. ನೀಲಗಪ್ಪು ಹಣ್ಣಿನಲ್ಲಿ ಸಿಹಿ ತುಂಬಿದ ಮೇಲೂ ಹುಳಿ ಬೇಗನೆ ಇಳಿಯದು. ಆತುರದಿಂದ ಕೊಯ್ದರೆ ಕೆಂಪು ದ್ರಾಕ್ಷಾರಸ ನಾಲಗೆಗೆ ಕಟು. ಕಾದರೆ ಹಕ್ಕಿಗಳ ಹಾವಳಿ, ಮಂಜಿನ ಭಯ. ಚಳಿಯನ್ನು ಗೆದ್ದ ಬಳ್ಳಿಗೂ ಕಾಯಬಲ್ಲ ಬೇಸಾಯಗಾರನೇ ಬೇಕಲ್ಲವೆ?