ಮಾಡಗ್ಯಾಳದ ಆಚೆ, ಒಂದು ವಸ್ತಿಯಲ್ಲಿ

ಜತ್ತದಿಂದ ಉಮದಿಗೆ ಹೋಗುವ ಎಸ್.ಟಿ. ಗಾಡಿಯು ಮಾಡಗ್ಯಾಳವನ್ನು ದಾಟಿತೆಂದರೆ ಊರುಗಳು ವಿರಳವಾಗಿ ವಸ್ತಿಗಳು ಕಾಣತೊಡಗುತ್ತವೆ. ಹೊಲದ ನಡುವೆ ಎರಡೋ ಮೂರೋ ಮನೆ, ಒಂದು ಬೇವಿನ ಮರ, ಅದರಡಿ ಕಟ್ಟಿದ ಜೀವಗಳು, ಇದೇ ವಸ್ತಿ. ನೀರಿನ ಅನುಕೂಲವುಳ್ಳವರು ದಾಳಿಂಬೆ, ದ್ರಾಕ್ಷಿ ಬೆಳೆದಿದ್ದಾರೆ. ಉಳಿದವರಿಗೆ ಸಜ್ಜೆ, ಜೋಳ ಮತ್ತು ಆಕಾಶ. ಸಾಂಗಲಿ ಜಿಲ್ಲೆಯ ಈ ಮೂಲೆಯಲ್ಲಿ ಕಚೇರಿಯ ಮಾತು ಮರಾಠಿ, ಮನೆಯ ಮಾತು ಕನ್ನಡ. ಮಾಡಗ್ಯಾಳವು ಹೊರಗಿನವರಿಗೆ ಪರಿಚಿತವಾಗಿರುವುದು ಕುರಿಗಳಿಂದ: ಗಿಣಿಯ ಕೊಕ್ಕಿನಂತೆ ಬಾಗಿದ ಮೂಗು, ಜೋಲುವ ಕಿವಿ, ಬಿಳಿಯ ಮೈಮೇಲೆ ಕಂದು ಮಚ್ಚೆ. ಆದರೆ ಹಿಂಡು ಸಾಕುವ ಶಕ್ತಿಯಿಲ್ಲದ ಮನೆಯ ಮುಂದಿರುವುದು ಒಂದೆರಡು ಆಡು. ಅದೂ ಬಹುಮಟ್ಟಿಗೆ ಕರಿಯ ಉಸ್ಮಾನಾಬಾದಿ ತಳಿಯದು. ಆ ಜಿಲ್ಲೆಯ ಹೆಸರು 2023ರಲ್ಲಿ ಧಾರಾಶಿವವೆಂದಾಯಿತು. ಆಡಿನ ಹೆಸರು ಹಾಗೆಯೇ ಉಳಿದಿದೆ.

ಈ ವರ್ಷ ಜೂನ್ 20ರ ಮುಂಜಾನೆ ನಾನು ಅಂತಹ ಒಂದು ವಸ್ತಿಗೆ ಹೋದೆ. ನಮ್ಮ ಶಾಲೆಯಿಂದ ಕಾಲುನಡಿಗೆಯಲ್ಲಿ ಒಂದು ತಾಸಿನ ಹಾದಿ. ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಶಾಲೆ ಆರಂಭವಾದ ದಿನ ಬಂದವಳು, 17ರಿಂದ ಬಂದಿರಲಿಲ್ಲ. ಹೆಣ್ಣುಮಕ್ಕಳು ಹೀಗೆ ನಾಲ್ಕು ದಿನ ತಪ್ಪಿದರೆ ಮತ್ತೆ ಬಾರದಿರುವುದೇ ಹೆಚ್ಚೆಂಬುದು ನನ್ನ ಅನುಭವ. ಗದರಿಸಬೇಕೆಂದೇ ಹೊರಟಿದ್ದೆ.

ಬೇವಿನಡಿಯಲ್ಲಿ ಅಜ್ಜಿ ಕುಳಿತಿದ್ದಳು. ಹುಡುಗಿ ಎರಡು ಆಡುಗಳ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಅವುಗಳ ಬಾಲವನ್ನೇ ನೋಡುತ್ತಿದ್ದಳು.

“ಆಯಿ, ಹುಡುಗಿ ಸಾಲಿಗೆ ಯಾಕ ಬರವಲ್ಲಳ್ರಿ?” ಎಂದೆ.

“ಕರೀ ಆಡು ಬೆದಿಗೆ ಬರೂ ದಿನ ಐತ್ರಿ ಮಾಸ್ತರ. ನನಗ ಕಣ್ಣ ಮಂಜ. ಆಕಿ ನೋಡಲಿಲ್ಲಂದ್ರ ನೋಡಾವ್ರ ಯಾರ್ರಿ?”

ಗೋಡೆಯ ಮೇಲೆ ಇದ್ದಿಲಿನಿಂದ ಗೆರೆಗಳನ್ನೆಳೆದಿದ್ದರು. ಎಣಿಸಿದೆ, ಇಪ್ಪತ್ತು. ಆಡು ಸಾಮಾನ್ಯವಾಗಿ 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಒಂದೆರಡು ದಿನ ಹಿಂದುಮುಂದಾಗುವುದರಿಂದ ಹದಿನೆಂಟನೆಯ ದಿನದಿಂದಲೇ ಕಣ್ಣಿಡಬೇಕು. ಹಿಂದಿನ ಸಲ ಅಜ್ಜಿಯ ಮಂಜುಗಣ್ಣಿಗೆ ಗುರುತು ತಡವಾಗಿ ಹತ್ತಿತ್ತು. ಎರಡು ಹರದಾರಿ ಆಚೆಯ ಹೋತದ ಬಳಿಗೆ ಹೊಡೆದುಕೊಂಡು ಹೋಗುವಷ್ಟರಲ್ಲಿ ಬೆದೆ ಇಳಿದು, ಆಡು ಹೋತವನ್ನು ಹತ್ತಿರ ಸೇರಿಸಲಿಲ್ಲ. ಮೂರು ವಾರ ವ್ಯರ್ಥವಾದವು. ಮುಂದಿನ ಜೂನಿನಲ್ಲಿ ಎಂಟನೆಯ ಇಯತ್ತೆಗೆ ಮೊಮ್ಮಗಳನ್ನು ಬೇರೆ ಊರಿಗೆ ಕಳಿಸಬೇಕು. ಆ ಖರ್ಚು ಇನ್ನೂ ಹುಟ್ಟದ ಮರಿಗಳ ಮೇಲೆ ನಿಂತಿತ್ತು. ಗದರಿಸಲು ಬಂದವನು ಹುಡುಗಿಯ ಪಕ್ಕದಲ್ಲಿ ಕಲ್ಲೊಂದರ ಮೇಲೆ ಕುಳಿತೆ.

ಕುಟುಂಬದ ಪತ್ರಿಕೆಯಲ್ಲಿ ಇಂತಹ ವಿಷಯವನ್ನು ಬರೆಯಬಹುದೇ ಎಂದು ತುಸು ಅಳುಕಿದ್ದುಂಟು. ಆದರೆ ನಮ್ಮ ವಾಚಕರಲ್ಲಿ ಅಂಗಳದಲ್ಲಿ ಆಡು ಕಟ್ಟದವರು ಎಷ್ಟು ಜನ?

ಅಂದು ಮುಂಜಾನೆಯಿಂದ ಕರಿಯ ಆಡು ಬಿಡದೆ ಒದರುತ್ತಿತ್ತು. ಮುಂದಿಟ್ಟ ಜಾಲಿಯ ಕಾಯಿಯನ್ನು ಮೂಸಿ ಬಿಟ್ಟಿತು. ಬಾಲವನ್ನು ಪಟಪಟನೆ ಅತ್ತಿತ್ತ ಆಡಿಸುವುದು, ಮತ್ತೆ ಮತ್ತೆ ಉಚ್ಚೆ ಹೊಯ್ಯುವುದು, ಜೊತೆಯ ಆಡಿನ ಮೇಲೇರಲು ಹೋಗುವುದು ಇವೆಲ್ಲವೂ ಇದ್ದವು. ಬಾಲದ ಕೆಳಗೆ ಬಾವು ಬಂದಂತೆ ಉಬ್ಬಿ ಕೆಂಪಾಗಿ, ತಿಳಿಯಾದ ಲೋಳೆ ಕಾಣುತ್ತಿತ್ತು. ಆ ಲೋಳೆ ತಿಳಿಯಾಗಿದ್ದರೆ ಬೆದೆ ಹೊಸದು. ಬೆಳ್ಳಗೆ ಮಂದವಾದರೆ ಮುಗಿಯುತ್ತ ಬಂದಿತೆಂದು ಅರ್ಥ. ರೋಗದ ಆಡೂ ಮೇವು ಬಿಡುತ್ತದೆ, ಆದರೆ ಅದು ಕಿವಿ ಜೋಲಿಸಿ ಒಂದು ಮೂಲೆ ಹಿಡಿಯುತ್ತದೆ. ಬೆದೆಯ ಆಡು ನಿಂತಲ್ಲಿ ನಿಲ್ಲುವುದಿಲ್ಲ. ಮೇಲೇರಿದಾಗ ಮಾತ್ರ ಅಲುಗದೆ ನಿಂತುಕೊಂಡರೆ ಅದಕ್ಕಿಂತ ಖಚಿತವಾದ ಗುರುತು ಬೇರೊಂದಿಲ್ಲ.

ಬೆದೆ ಇರುವುದು ಒಂದರಿಂದ ಎರಡು ದಿನ. ಬೆಳಿಗ್ಗೆ ಕಂಡರೆ ಸಂಜೆಗೆ ಹೋತದ ಬಳಿ ಒಯ್ದು, ಮರುದಿನ ಬೆಳಿಗ್ಗೆ ಮತ್ತೊಮ್ಮೆ ತೋರಿಸುವುದು ಒಳ್ಳೆಯದು. ಹೋತವಿಲ್ಲದ ಮನೆಯಲ್ಲಿ ಒಂಟಿ ಆಡು ಒದರದೆಯೂ ಇರಬಹುದು. ದನದ ದವಾಖಾನೆಯಲ್ಲಿ ಇದಕ್ಕೆ ‘ಮುಕಾ ಮಾಜ’ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ಮೂಕ ಬೆದೆ. ಅದಕ್ಕೊಂದು ಉಪಾಯವಿದೆ. ಹೋತದ ಕೊಂಬಿನ ಬುಡಕ್ಕೆ ಅರಿವೆಯನ್ನು ಚೆನ್ನಾಗಿ ತಿಕ್ಕಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟುಕೊಂಡು, ದಿನಕ್ಕೆರಡು ಸಲ ಆಡಿನ ಮೂಗಿಗೆ ಹಿಡಿಯಬೇಕು. ಬೆದೆಯಲ್ಲಿದ್ದರೆ ಬಾಲ ತಾನೇ ಹೇಳುತ್ತದೆ. ಡಬ್ಬಿಯನ್ನು ಅಡುಗೆಮನೆಯಿಂದ ದೂರವಿಡುವುದು ಲೇಸು. ಆ ವಾಸನೆ ಅಷ್ಟು ಸುಲಭವಾಗಿ ಹೋಗುವಂಥದಲ್ಲ.

ಹುಡುಗಿ ಇನ್ನೊಂದು ಆಡನ್ನು ತೋರಿಸಿ, “ಗುರೂಜಿ, ಇದೂ ಬಾಲ ಆಡಸಾಕತ್ತೈತ್ರಿ” ಎಂದಳು. ಅದಕ್ಕಿನ್ನೂ ಏಳು ತಿಂಗಳು. ನಾನು ಬೇಡವೆಂದೆ. ಹಲವು ವರ್ಷಗಳ ಹಿಂದೆ ನಮ್ಮ ಮನೆಯ ಆಡು ಆರು ತಿಂಗಳಿಗೇ ಬೆದೆಗೆ ಬಂದಾಗ, ಬೇಗ ಈಯಲಿ ಎಂಬ ಆಸೆಯಿಂದ ನಾನೇ ಹೋತಕ್ಕೆ ಬಿಟ್ಟೆ. ಈಯುವ ರಾತ್ರಿ ಮರಿ ಅಡ್ಡಸಿಕ್ಕಿತು. ಬೆಳಗಾಗುವಷ್ಟರಲ್ಲಿ ಎರಡೂ ಇಲ್ಲ. ನನ್ನ ಹೆಂಡತಿ ಅಂದಿನಿಂದ ಮನೆಯಲ್ಲಿ ಆಡು ಕಟ್ಟಗೊಡಲಿಲ್ಲ. ಬೆದೆ ಬಂದಿತೆಂದರೆ ಮೈ ತಯಾರಾಯಿತೆಂದಲ್ಲ. ಈ ತಳಿಯ ಬೆಳೆದ ಆಡು ಮೂವತ್ತು ಕಿಲೋ ಆಸುಪಾಸು ತೂಗುತ್ತದೆ. ಅದರಲ್ಲಿ ಮೂರನೆಯ ಎರಡು ಪಾಲು, ಅಂದರೆ 20 ಕಿಲೋ ಆದರೂ ಆಗಬೇಕು. ವಯಸ್ಸು ಹತ್ತು ಹನ್ನೆರಡು ತಿಂಗಳು ಇರಬೇಕು. ತೂಕ ನೋಡಲು ಆಡನ್ನು ಎತ್ತಿಕೊಂಡು ಕಾಟಾದ ಮೇಲೆ ನಿಂತು, ನಮ್ಮ ತೂಕ ಕಳೆದರಾಯಿತು.

ಸಂಜೆ ನಾನೂ ಹುಡುಗಿಯೂ ಕರಿಯ ಆಡನ್ನು ಹೊಡೆದುಕೊಂಡು ಹೋದೆವು. ಹೋತದವನು ಮೊದಲು ಕೇಳಿದ್ದು, ಇದು ತನ್ನ ಹೋತಕ್ಕೇ ಹುಟ್ಟಿದ ಮರಿಯಲ್ಲವಷ್ಟೇ ಎಂದು. ತಂದೆಗೆ ಮಗಳನ್ನು ಬಿಟ್ಟರೆ ತಳಿ ಕೆಡುತ್ತದೆಂಬುದು ಆತನಿಗೆ ಗೊತ್ತಿತ್ತು. ಅಲ್ಲವೆಂದ ಮೇಲೆ ಹಗ್ಗ ಬಿಚ್ಚಿದನು. ಆಡು ಈ ಸಲ ಅಲುಗದೆ ನಿಂತಿತು. ರಾತ್ರಿ ಅದನ್ನು ಅಲ್ಲಿಯೇ ಬಿಟ್ಟು ಬಂದೆವು.

ಮರುದಿನ ಹುಡುಗಿ ಶಾಲೆಗೆ ಬಂದಳು. ಗಣಿತದ ತಾಸಿಗೆ ಅವಳನ್ನೇ ಫಲಕದ ಬಳಿ ಕರೆದು, ಜೂನ್ 20ಕ್ಕೆ 150 ದಿನ ಕೂಡಿಸಲು ಹೇಳಿದೆ. ಜುಲೈ, ಆಗಸ್ಟುಗಳಿಗೆ ಮೂವತ್ತೊಂದು ದಿನವೆಂಬುದನ್ನು ಮರೆಯದೆ ನವೆಂಬರ್ 17ಕ್ಕೆ ಬಂದು ನಿಂತಳು. ಹಿಂಗಾರಿ ಮಳೆ ಬಿದ್ದು ಹಸಿರಿರುವ ಕಾಲ. ಈ ತಳಿಯಲ್ಲಿ ಅವಳಿ ಮರಿಗಳು ಸಾಮಾನ್ಯ, ತಾಯಿಯ ಹಾಲಿಗೆ ಮೇವು ಬೇಕು. ಅಕ್ಟೋಬರಿನಲ್ಲಿ ಗಬ್ಬವಾಗಿದ್ದರೆ ಮಾರ್ಚಿನಲ್ಲಿ ಈಯಬೇಕಾಗಿತ್ತು. ಮಾರ್ಚಿನಲ್ಲಿ ನಮ್ಮಲ್ಲಿ ಏನಿರುತ್ತದೆಂಬುದನ್ನು ಜತ್ತ ತಾಲೂಕಿನವರಿಗೆ ಹೇಳಬೇಕಾಗಿಲ್ಲ.

ಜುಲೈ 11ರ ಆಚೀಚೆ ಬಾಲವನ್ನು ಮತ್ತೆ ನೋಡಿರೆಂದು ಹೇಳಿಕಳಿಸಿದ್ದೆ. ಬೆದೆ ತಿರುಗಿ ಬಾರದಿದ್ದರೆ ಗಬ್ಬವಾಗಿರುವ ಸಂಭವ ಹೆಚ್ಚು. 14ರಂದು ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದ ಹುಡುಗಿಯನ್ನು ಕೇಳಿದೆ.

“ಸುಮ್ಮನ ಮೇಯಾಕತ್ತೈತ್ರಿ ಗುರೂಜಿ” ಎಂದಳು.