ಪರದೇಶದ ಮುದ್ದೆ

ಮಗನ ಮನೆಯಲ್ಲಿ ಮೂರು ತಿಂಗಳು ಇದ್ದು ಬರೋಣವೆಂದು ಲಂಡನ್ನಿಗೆ ಹೋಗಿದ್ದೆ. ಒಂದು ಸಂಜೆ ಅವನು, “ಅಪ್ಪ, ಇವತ್ತು ನಿಮಗೆ ಇಟಲಿಯವರ ಊಟ ಹಾಕಿಸುತ್ತೇನೆ” ಎಂದು ಕ್ಲರ್ಕನ್‌ವೆಲ್ ಕಡೆಗೆ ಕರೆದುಕೊಂಡು ಹೊರಟ. ಹತ್ತೊಂಬತ್ತನೆಯ ಶತಮಾನದಲ್ಲಿ ಹೊಟ್ಟೆಪಾಡಿಗೆ ಬಂದ ಇಟಲಿಯವರು ನೆಲೆಸಿದ್ದ ಕೇರಿ ಅದು. 1863ರಲ್ಲಿ ಅವರಿಗಾಗಿ ತೆರೆದ ಚರ್ಚು ಇಂದಿಗೂ ಅಲ್ಲಿದೆ.

ಹೋಟೆಲಿನೊಳಗೆ ಮಂದ ಬೆಳಕು, ಮೇಜಿಗೊಂದು ಮೇಣದ ಬತ್ತಿ. ಗುಬ್ಬಿಯವನಾದ ನಾನು ಕರೆಂಟು ಹೋಗಿದೆಯೆಂದೇ ತಿಳಿದೆ. ತಿಂಡಿಗಳ ಪಟ್ಟಿಯನ್ನು ಕನ್ನಡಕ ಏರಿಸಿ ಇಳಿಸಿ ನೋಡಿದರೂ ಒಂದು ಹೆಸರೂ ನಾಲಗೆಗೆ ಹೊಂದಲಿಲ್ಲ. ಕೊನೆಗೆ ಮಾಂಸವಿಲ್ಲದ್ದು ಯಾವುದೆಂದು ಕೇಳಿ ‘ಪೊಲೆಂಟ’ ಎಂಬುದನ್ನು ತರಿಸಿದೆವು. ಬೆಲೆ ಹದಿನೆಂಟು ಪೌಂಡು. ರೂಪಾಯಿಗೆ ತಿರುಗಿಸಿ ಲೆಕ್ಕ ಹಾಕಬಾರದೆಂದು ಮಗ ವಿಮಾನ ಇಳಿದ ದಿನವೇ ಎಚ್ಚರಿಸಿದ್ದ. ನಾನು ಗುಟ್ಟಾಗಿ ಹಾಕಿಕೊಂಡೆ.

ತಟ್ಟೆ ಬಂತು. ನೋಡುತ್ತೇನೆ, ಹಳದಿ ಬಣ್ಣದ ಮುದ್ದೆ! ಪಕ್ಕದಲ್ಲಿ ಅಣಬೆಯ ಗೊಜ್ಜು.

ಬಡಿಸುವವರು ಎಂಬತ್ತರ ಹತ್ತಿರದ ಮುದುಕರು. ಉತ್ತರ ಇಟಲಿಯ ಬೆರ್ಗಾಮೊ ಕಡೆಯವರಂತೆ. ನನ್ನ ಬೆರಗನ್ನು ಕಂಡು, ಮಾಡುವ ಕ್ರಮವನ್ನು ಕೈಸನ್ನೆಯೊಡನೆ ವಿವರಿಸಿದರು. ತಾಮ್ರದ ಪಾತ್ರೆಯಲ್ಲಿ ನೀರು ಕುದಿಸಿ, ಮುಸುಕಿನ ಜೋಳದ ಹಿಟ್ಟನ್ನು ಉದುರಿಸುತ್ತ, ಮುಕ್ಕಾಲು ಗಂಟೆ ಮರದ ಕೋಲಿನಿಂದ ತಿರುವಬೇಕು. ಗಟ್ಟಿಯಾದ ಮೇಲೆ ಹಲಗೆಗೆ ಕವುಚಿ ದಾರದಿಂದ ಕೊಯ್ಯಬೇಕು. “ಹುಡುಗರಾಗಿದ್ದಾಗ ಬೇರೇನೂ ಇಲ್ಲದ್ದಕ್ಕೆ ಇದನ್ನು ತಿನ್ನುತ್ತಿದ್ದೆವು. ದಕ್ಷಿಣದವರು ನಮ್ಮನ್ನು ಪೊಲೆಂಟ ತಿನ್ನುವವರೆಂದು ಹಂಗಿಸುತ್ತಿದ್ದರು. ಈಗ ಮೇಣದ ಬತ್ತಿ ಹಚ್ಚಿಕೊಂಡು ತಿನ್ನುತ್ತಾರೆ” ಎಂದು ನಕ್ಕರು.

ನಾನೂ ನಕ್ಕೆ. ಆದರೆ ಮುದ್ದೆ ನುಂಗುವುದರಲ್ಲಿ ಪಳಗಿದ ಗಂಟಲಿನಲ್ಲಿ ಅಂದು ತುತ್ತು ನಿಂತಿತು.

ತುಮಕೂರಿನಲ್ಲಿ ಹೈಸ್ಕೂಲು ಓದುವಾಗ ನಾಲ್ಕು ಜನ ಹುಡುಗರು ಒಂದು ಕೋಣೆ ಹಿಡಿದಿದ್ದೆವು. ವಾರಕ್ಕೊಮ್ಮೆ ಅವ್ವ ಗುಬ್ಬಿಯಿಂದ ರೈಲಿನಲ್ಲಿ ಬರುತ್ತಿದ್ದಳು. ಬಟ್ಟೆಯಲ್ಲಿ ಸುತ್ತಿದ ರಾಗಿಮುದ್ದೆ, ಡಬ್ಬಿಯಲ್ಲಿ ಹುರುಳಿ ಸಾರು. ಅನ್ನ ಉಣ್ಣುವ ಗೆಳೆಯರು ಒಮ್ಮೆ ಮೂಗು ಮುರಿದರು. ರಾಗಿಗೂ ಭತ್ತಕ್ಕೂ ವಾದವಾಗಿ ಶ್ರೀರಾಮನು ರಾಗಿಯ ಪರವಾಗಿ ತೀರ್ಪಿತ್ತ ಕನಕದಾಸರ ‘ರಾಮಧಾನ್ಯಚರಿತೆ’ಯ ಕಥೆ ನನಗೆ ಬಾಯಿಪಾಠವಾಗಿತ್ತು. ಆದರೂ ಅವ್ವನನ್ನು ಬಾಗಿಲಾಚೆ ಕರೆದು, “ಇನ್ನು ಮೇಲೆ ಇದನ್ನು ತರಬೇಡ” ಎಂದೆ.

ಅವಳು ಏನೂ ಅನ್ನಲಿಲ್ಲ. ಮುಂದಿನ ವಾರ ಅನ್ನ ತಂದಳು. ಅಕ್ಕಿಯನ್ನು ಎದುರುಮನೆಯವರಿಂದ ಸಾಲ ತಂದು, ಅದು ತೀರುವವರೆಗೆ ಅವರ ಹೊಲದಲ್ಲಿ ಕಳೆ ಕಿತ್ತಳೆಂಬುದನ್ನು ಎಷ್ಟೋ ವರ್ಷಗಳ ಮೇಲೆ ಅಕ್ಕ ಹೇಳಿದಳು. ಆಗ ಅವ್ವ ಇರಲಿಲ್ಲ.

ಆ ಮುದುಕರು ಹೇಳದ ಸಂಗತಿಯೊಂದುಂಟು. ನಮ್ಮ ರಾಗಿ ಆಫ್ರಿಕದಿಂದ ಬಂದಂತೆ, ಅವರ ಜೋಳ 1492ರ ಅನಂತರ ಅಮೆರಿಕದಿಂದ ಬಂದದ್ದು. ಅಲ್ಲಿನ ಮೂಲನಿವಾಸಿಗಳು ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಿದ್ದರು. ಕಾಳು ಬಂತು, ಆ ಕ್ರಮ ಬರಲಿಲ್ಲ. ಪೊಲೆಂಟವನ್ನಲ್ಲದೆ ಬೇರೆ ಕಾಣದ ಬಡ ರೈತರಿಗೆ ನಯಾಸಿನ್ ಎಂಬ ಜೀವಸತ್ವ ಸಾಲದೆ ಪೆಲಾಗ್ರ ಎಂಬ ರೋಗ ಹಿಡಿಯಿತು. ಚರ್ಮ ಬಿರಿಯುತ್ತಿತ್ತು, ಬುದ್ಧಿ ಕೆಡುತ್ತಿತ್ತು. ಬಡವರ ಊಟ ರುಚಿಯ ಊಟವಾಗಬೇಕಾದರೆ, ಬೇಡವೆನಿಸಿದ ದಿನ ಬಿಡುವಷ್ಟು ಅನುಕೂಲ ಉಣ್ಣುವವನಿಗಿರಬೇಕು.

ನಮ್ಮಲ್ಲಿಯೂ ಕಾಲ ತಿರುಗಿದೆ. 2023ನೆಯ ಇಸವಿಯನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು. ಕುಣಿಗಲ್ ಹೆದ್ದಾರಿಯಲ್ಲಿ ಬೆಂಗಳೂರಿನವರು ಕಾರು ನಿಲ್ಲಿಸಿ ಮುದ್ದೆ ಉಣ್ಣುತ್ತಾರೆ. ನನಗೆ ಸಂತೋಷವೇ. ಆದರೆ ಅವ್ವ ತಂದ ಮುದ್ದೆಗೆ ಈ ಗೌರವವನ್ನು ಕೊಡಬೇಕಾಗಿದ್ದವರು ವಿಶ್ವಸಂಸ್ಥೆಯವರಲ್ಲ.

ತಟ್ಟೆಯಲ್ಲಿ ಚೂರೂ ಬಿಡದೆ ತಿಂದೆ. ರಾತ್ರಿ ಮನೆಗೆ ಬಂದ ಮೇಲೆ ಮಗ ತನ್ನ ಹೆಂಡತಿಗೆ, “ಅಪ್ಪನಿಗೆ ಇಟಲಿಯ ಊಟ ಬಹಳ ಹಿಡಿಸಿತು” ಎಂದು ಹೇಳುತ್ತಿದ್ದ. ನಾನು ಹೌದೆಂದೆ.