ಈಸ್ಟರ್ ಕಳೆದ ಭಾನುವಾರ

ಈಸ್ಟರ್ ಎಂದರೆ ನನಗೆ ನೆನಪಾಗುವುದು ಅದರ ಮುಂದಿನ ಭಾನುವಾರ. 1945ರ ಏಪ್ರಿಲ್ 8. ನಾಜಿಗಳ ಸೆರೆಯಲ್ಲಿದ್ದ ಪಾದ್ರಿ ಡೀಟ್ರಿಕ್ ಬಾನ್‌ಹಾಫರ್ ಅವರನ್ನು ಜೊತೆಯ ಕೈದಿಗಳು ಆರಾಧನೆ ನಡೆಸಿಕೊಡಿ ಎಂದು ಕೇಳಿದರು. ಅವರು ತಕ್ಷಣ ಒಪ್ಪಲಿಲ್ಲ. ಅದೇ ಶಾಲಾ ಕೋಣೆಯಲ್ಲಿ ಸೋವಿಯತ್ ನಾಸ್ತಿಕನೊಬ್ಬನೂ ಇದ್ದ, ಅವನಿಗೆ ಮುಜುಗರವಾಗಬಾರದಲ್ಲ! ಅವನೂ ಒಪ್ಪಿದ ಮೇಲೆ ಯೆಶಾಯ, ಪೇತ್ರರ ವಚನಗಳನ್ನು ಓದಿ ಮಾತಾಡಿದರು. ಮುಗಿಯುವಷ್ಟರಲ್ಲಿ ಅವರನ್ನು ಕರೆದೊಯ್ದರು. ಮರುದಿನ ಬೆಳಿಗ್ಗೆ ಫ್ಲಾಸೆನ್‌ಬುರ್ಗ್‌ನಲ್ಲಿ ಗಲ್ಲು.

ನಮ್ಮಪ್ಪನೂ ಸಭಾಪಾಲಕರು. ನಾನು ಚರ್ಚಿಗೆ ಹೋಗುವುದು ಬಿಟ್ಟು ನಾಲ್ಕು ವರ್ಷವಾಯಿತು. ಆ ಬಗ್ಗೆ ನಾವಿಬ್ಬರೂ ಮಾತಾಡಿದ್ದಿಲ್ಲ, ಜಗಳವನ್ನೂ ಆಡಿಲ್ಲ. ಈ ಈಸ್ಟರಿಗೆ ಊರಿಗೆ ಹೋಗಿದ್ದೆ. ಊಟಕ್ಕೆ ಕೂತಾಗ ಎಂದಿನಂತೆ ಪ್ರಾರ್ಥನೆ ಶುರುಮಾಡದೆ ಅಪ್ಪ ನನ್ನ ಕಡೆ ನೋಡಿ, "ಮಾಡ್ಲೇನೋ?" ಎಂದರು. ಅನ್ನ ಆರುತ್ತಿತ್ತು.

"ಮಾಡಿ ಅಪ್ಪ" ಎಂದೆ. ಕಣ್ಣು ಮಾತ್ರ ಮುಚ್ಚಲಿಲ್ಲ.